ಆರು ಸಲ ನಿಂತು ಆರೂ ಸಲ ಸೋತ ಟೈಪಿಸ್ಟ್: ಆರ್ಲೆಟ್ ಲಾಗಿಯೆ ಬಗ್ಗೆ ಮಾತಾಡೋಣ ಬನ್ನಿ

ಸಂಜೆಮಲ್ಲಿಗೆ

ಸಂಜೆ ಹೊತ್ತು ಫ್ರೆಂಚ್ ಕ್ಲಾಸಿಗೆ ಸೇರಿ ಏಳು ತಿಂಗಳಾಯಿತು. ಕಿವಿ ಪಳಗಲಿ ಅಂತ ನಮ್ಮ ಮೇಡಂ ಹಳೇ ಚುನಾವಣೆಗಳ ಟಿವಿ ಭಾಷಣ ಕೇಳಿಸುತ್ತಾರೆ. ಮೊನ್ನೆ ಸೂಟು ಹಾಕಿದ ಗಂಡಸರ ಸಾಲು ಮುಗಿದ ಮೇಲೆ ಒಬ್ಬ ಹೆಂಗಸಿನ ದನಿ ಬಂತು. "ತ್ರವಯೋಜ್, ತ್ರವಯೋರ್!" ಅಂತ ಶುರು. ಅಂದರೆ ದುಡಿಯುವ ಹೆಂಗಸರೇ, ದುಡಿಯುವ ಗಂಡಸರೇ. ಆಮೇಲೆ ಬಂದದ್ದೆಲ್ಲ ಬಾಡಿಗೆ, ಸಂಬಳ, ಕೆಲಸದಿಂದ ತೆಗೆಯೋದು, ಲಾಭ ಯಾರ ಜೇಬಿಗೆ ಹೋಗುತ್ತೆ ಅನ್ನೋದು. ಇಡೀ ಕ್ಲಾಸಿಗೆ ನಿಘಂಟು ಮುಟ್ಟದೆ ಅರ್ಥವಾದ ಮೊದಲ ಭಾಷಣ ಅದು.

ಆಕೆ ಆರ್ಲೆಟ್ ಲಾಗಿಯೆ. ಹುಟ್ಟಿದ್ದು 1940ರ ಮಾರ್ಚ್ 18ರಂದು. ಬಡ ಕಾರ್ಮಿಕರ ಮನೆ. ಬೆಳೆದದ್ದು ಪ್ಯಾರಿಸ್ಸಿಗೆ ಅಂಟಿಕೊಂಡಿರುವ ಲೆ ಲಿಲಾ ಎಂಬ ಊರಲ್ಲಿ. ಹದಿನಾರಕ್ಕೆ ಓದು ನಿಲ್ಲಿಸಿ, 1956ರಲ್ಲಿ ಕ್ರೆದಿ ಲಿಯೊನೆ ಬ್ಯಾಂಕಿಗೆ ಟೈಪಿಸ್ಟ್ ಆಗಿ ಸೇರಿದರು. 1974ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಆ ಹುದ್ದೆಗೆ ಸ್ಪರ್ಧಿಸಿದ ಮೊದಲ ಹೆಂಗಸು. ಆಮೇಲೆ 1981, 1988, 1995, 2002, 2007. ಒಟ್ಟು ಆರು ಸಲ. ಅಷ್ಟು ಸಲ ಅಲ್ಲಿ ಬೇರೆ ಯಾರೂ ನಿಂತಿಲ್ಲ. ಒಂದು ಸಲವೂ ಗೆಲುವಿನ ಹತ್ತಿರ ಸುಳಿಯಲಿಲ್ಲ. ಈ ನಡುವೆ ಅದೇ ಬ್ಯಾಂಕಿನಲ್ಲಿ ಇದ್ದು 2000ದಲ್ಲಿ ನಿವೃತ್ತರಾದರು.

ಆಕೆಯ ಪಕ್ಷ ಲ್ಯೂತ್ ಊವ್ರಿಯೇರ್, ಅಂದರೆ ಕಾರ್ಮಿಕ ಹೋರಾಟ. ರಷ್ಯಾ ಕ್ರಾಂತಿಯ ನಾಯಕ, ಆಮೇಲೆ ಸ್ಟಾಲಿನ್ ವಿರೋಧಿಯಾದ ಟ್ರಾಟ್‌ಸ್ಕಿಯ ದಾರಿಯವರು. ಕಮ್ಯುನಿಸ್ಟ್ ಪಕ್ಷವೂ ಸಾಕಷ್ಟು ಎಡ ಅಲ್ಲ ಅನ್ನುವಷ್ಟು ಎಡ.

ನನ್ನ ಪ್ರಶ್ನೆ ಇಷ್ಟೇ. ಗೆಲ್ಲೋದಿಲ್ಲ ಅಂತ ಗೊತ್ತಿದ್ದೂ ಒಬ್ಬರು ಮೂವತ್ತಮೂರು ವರ್ಷ ಚುನಾವಣೆಗೆ ನಿಲ್ಲೋದು ಹುಚ್ಚಾ, ಹಟಾನಾ, ಅಥವಾ ಏನೋ ಲೆಕ್ಕಾಚಾರವಾ?

ಕಾಳುಮೆಣಸು

ಹುಚ್ಚು. ಮುಂದಿನ ಪ್ರಶ್ನೆ?

ತಮಾಷೆಗೆ ಹೇಳಿದೆ. ಆದರೆ ಪೂರ್ತಿ ತಮಾಷೆಯೂ ಅಲ್ಲ. ಮೊದಲ ಸಲ 2.33%, ಎರಡನೇ ಸಲ 2.30%, ಮೂರನೇ ಸಲ 1.99%. ಹದಿನಾಲ್ಕು ವರ್ಷದಲ್ಲಿ ಇಳಿದಿದ್ದೇ ಬಂತು. ಅಂಗಡಿ ನಡೆಸೋನು ಇಷ್ಟು ಹೊತ್ತಿಗೆ ಬಾಗಿಲು ಹಾಕಿರುತ್ತಾನೆ.

ಹಳೇ ಟೈಪಿಸ್ಟ್

ಬ್ಯಾಂಕಿನ ಟೈಪಿಸ್ಟ್ ಅಂತ ಕಂಡಿತು, ಒಳಗೆ ಬಂದೆ. ನಾನೂ ಸೀನಿಯರ್ ಟೈಪಿಂಗ್ ಪಾಸಾಗಿ ಬ್ಯಾಂಕಿಗೆ ಸೇರಿದವಳೇ. ಇಪ್ಪತ್ತೆಂಟು ವರ್ಷ ದುಡಿದು ಮನೆಗೆ ಬಂದೆ.

ಟೈಪಿಂಗ್ ವಿಭಾಗ ಅಂದರೆ ಏನು ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತೋ. ಸಾಲಾಗಿ ಯಂತ್ರಗಳು. ಯಂತ್ರದ ಮುಂದೆಲ್ಲ ಹೆಂಗಸರು. ಗಾಜಿನ ಆಚೆ ಕೂತ ಮೇಲ್ವಿಚಾರಕ ಮಾತ್ರ ಗಂಡಸು. ನಾಲ್ಕು ಕಾರ್ಬನ್ ಇಟ್ಟು ಹೊಡೆಯುವಾಗ ಒಂದು ಅಕ್ಷರ ತಪ್ಪಿದರೆ ಐದು ಹಾಳೆಯಲ್ಲೂ ಅಳಿಸಬೇಕು. ಸಂಜೆ ಮನೆಗೆ ಹೋದಾಗ ಬೆರಳ ತುದಿ ನೀಲಿ. ಚಪಾತಿ ಹಿಟ್ಟಿಗೂ ಅಂಟೋದು. ಬ್ಯಾಂಕಿನಲ್ಲಿ ಎಂಥೆಂಥ ಮೊತ್ತಗಳು ಓಡಾಡುತ್ತವೆ ಅಂತ ಮ್ಯಾನೇಜರ್‌ಗಿಂತ ಮೊದಲು ಟೈಪಿಸ್ಟಿಗೆ ಗೊತ್ತಾಗುತ್ತದೆ. ಯಾಕೆಂದರೆ ಪತ್ರ ಹೊಡೆಯುವವಳು ಅವಳೇ. ಆ ಕುರ್ಚಿಯಲ್ಲಿ ಕೂತವಳು ಎಡಪಂಥಕ್ಕೆ ತಿರುಗಿದಳು ಅಂದರೆ ನನಗೇನೂ ಆಶ್ಚರ್ಯ ಇಲ್ಲ.

ಸಂಜೆಮಲ್ಲಿಗೆ, ಈಕೆ ಮುಷ್ಕರ ಗಿಷ್ಕರ ಮಾಡಿದ್ದರಾ, ಬರೀ ಭಾಷಣವಾ?

ಸಂಜೆಮಲ್ಲಿಗೆ

ಮಾಡಿದ್ದರು ಅಮ್ಮ. ಹೆಸರು ಬಂದದ್ದೇ ಅದರಿಂದ. 1974ರ ಫೆಬ್ರವರಿ, ಮಾರ್ಚ್‌ನಲ್ಲಿ ಫ್ರಾನ್ಸಿನ ಬ್ಯಾಂಕ್ ನೌಕರರ ದೊಡ್ಡ ಮುಷ್ಕರ ಆಯಿತು. ಕ್ರೆದಿ ಲಿಯೊನೆಯಲ್ಲಿ ಮುಂದೆ ನಿಂತವರಲ್ಲಿ ಈಕೆ ಒಬ್ಬರು. ಮುಷ್ಕರದ ಬಿಸಿ ಆರುವ ಮೊದಲೇ, ಏಪ್ರಿಲ್ 2ಕ್ಕೆ ಅಧ್ಯಕ್ಷ ಪೋಂಪಿದು ತೀರಿಕೊಂಡರು. ದಿಢೀರ್ ಚುನಾವಣೆ. ಮೇ 5ಕ್ಕೆ ಮೊದಲ ಸುತ್ತು. ಹನ್ನೆರಡು ಜನ ಕಣದಲ್ಲಿ, ಹನ್ನೊಂದು ಗಂಡಸರು, ಒಬ್ಬರು ಈಕೆ. ಆಗ ವಯಸ್ಸು 34. ಸುಮಾರು 5 ಲಕ್ಷ 95 ಸಾವಿರ ಮತ ಬಂತು.

ಇನ್ನೊಂದು ವಿಷಯ ಕೇಳಿ. 1965ರ ತನಕ ಫ್ರಾನ್ಸಿನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ತನ್ನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯುವ ಹಾಗಿರಲಿಲ್ಲ. ಆರ್ಲೆಟ್ ಕೆಲಸಕ್ಕೆ ಸೇರಿದ್ದು 1956ರಲ್ಲಿ. ಮೊದಲ ಒಂಬತ್ತು ವರ್ಷ ಅಲ್ಲಿ ಹೆಂಗಸರು ಖಾತೆಗಳ ಕಾಗದ ಹೊಡೆಯಬಹುದಿತ್ತು, ಗಂಡ ಒಪ್ಪದೆ ಖಾತೆ ಮಾತ್ರ ತೆರೆಯುವಂತಿರಲಿಲ್ಲ.

ಹಳೇ ಟೈಪಿಸ್ಟ್

ಅಯ್ಯೋ ಶಿವನೇ! 1965ರ ತನಕವಾ? ಫ್ರಾನ್ಸಿನಲ್ಲಾ?

ತೆಂಗಿನತೋಟ

ಮತದಾನದ ಹಕ್ಕು ಬಂದದ್ದೂ 1944ರಲ್ಲೇ. ಹೆಂಗಸರು ಮೊದಲ ಮತ ಹಾಕಿದ್ದು 1945ರಲ್ಲಿ. ನಮ್ಮಲ್ಲಿ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲೇ ಎಲ್ಲರಿಗೂ ಇತ್ತು. 1974ರಲ್ಲಿ ಇವರು "ಒಬ್ಬ ಹೆಂಗಸು ಅಧ್ಯಕ್ಷ ಪದವಿಗೆ ನಿಲ್ಲೋದಾ" ಅಂತ ಹುಬ್ಬು ಏರಿಸುತ್ತಿದ್ದಾಗ ದೆಹಲಿಯಲ್ಲಿ ಇಂದಿರಾ ಗಾಂಧಿ ಎಂಟು ವರ್ಷದಿಂದ ಪ್ರಧಾನಿ.

ದಿನಾಂಕ ನೋಡಿ ಇನ್ನೊಂದು ನೆನಪಾಯಿತು. ಅಲ್ಲಿ ಮೊದಲ ಸುತ್ತು ಮೇ 5. ಇಲ್ಲಿ ಅದೇ ವಾರ, ಮೇ 8ಕ್ಕೆ ದೇಶದ ರೈಲ್ವೆ ಮುಷ್ಕರ ಶುರು. ಅದರ ನಾಯಕ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಮುಷ್ಕರಕ್ಕೆ ಮೊದಲೇ ಹಿಡಿದು ಜೈಲಿಗೆ ಹಾಕಿದ್ದರು. ಇಪ್ಪತ್ತು ದಿನಕ್ಕೆ ಮುಷ್ಕರ ಮುರಿಯಿತು. ಎರಡು ಕಡೆ ಎರಡು ಮುಷ್ಕರದ ಮುಖಗಳು. ಒಬ್ಬರು ಮುಂದೆ ರಕ್ಷಣಾ ಮಂತ್ರಿ ಆದರು, ಅದೂ ಯಾರ ಸರ್ಕಾರದಲ್ಲಿ ಅಂತ ಎಲ್ಲರಿಗೂ ಗೊತ್ತು. ಇನ್ನೊಬ್ಬರು ಬ್ಯಾಂಕಿನಲ್ಲೇ ನಿವೃತ್ತಿ. ಯಾರು ಜಾಸ್ತಿ ಸಾಧಿಸಿದರು ಅಂತ ನಾನು ಹೇಳೋದಿಲ್ಲ. ನನಗೆ ಜಾರ್ಜ್ ಮೇಲೆ ಪ್ರೀತಿ ಇನ್ನೂ ಹೋಗಿಲ್ಲ.

ಕಾಳುಮೆಣಸು

ಜಾರ್ಜ್ ಮುಂಬೈನಲ್ಲಿ ಎಸ್.ಕೆ. ಪಾಟೀಲರಂಥವರನ್ನು ಸೋಲಿಸಿ ಸಂಸತ್ತಿಗೆ ಹೋದವರು. ಅದು ರಾಜಕೀಯ. ಅಧಿಕಾರ ಬೇಡ ಅನ್ನೋರು ಚುನಾವಣೆಗೆ ಯಾಕೆ ನಿಲ್ಲಬೇಕು? ಭಜನೆ ಮಂಡಳಿ ಮಾಡಿಕೊಳ್ಳಬಹುದಲ್ವಾ?

ಪ್ಯಾರಿಸ್ ಪಕ್ಕದೋನು

ಹನ್ನೊಂದು ವರ್ಷದಿಂದ ಪ್ಯಾರಿಸ್ ಹೊರವಲಯದಲ್ಲಿದ್ದೇನೆ. ಈ ಪಕ್ಷದವನಲ್ಲ, ಮತ ಹಾಕುವ ಹಕ್ಕೂ ನನಗಿಲ್ಲ. ಆದರೆ ಇವರನ್ನು ಆಗಾಗ ನೋಡುತ್ತೇನೆ. ಅದಕ್ಕೇ ಕಾಳುಮೆಣಸು ಅವರ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನಿಸಿತು.

ಅಲ್ಲಿನ ಪದ್ಧತಿಯಲ್ಲಿ ಎರಡು ಸುತ್ತು, ಎರಡನೆಯದಕ್ಕೆ ಮೊದಲ ಇಬ್ಬರು ಮಾತ್ರ. ಮೊದಲ ಸುತ್ತಲ್ಲಿ ಮನಸ್ಸಿಗೆ ಬಂದವರಿಗೆ ಹಾಕು, ಎರಡನೇ ಸುತ್ತಲ್ಲಿ ಬೇಡವಾದವರನ್ನು ಓಡಿಸು ಅಂತ ಜನ ಹೇಳುತ್ತಾರೆ. ಅಧಿಕೃತ ಪ್ರಚಾರ ಶುರುವಾದರೆ ಅಭ್ಯರ್ಥಿಗಳೆಲ್ಲರಿಗೂ ಟಿವಿಯಲ್ಲಿ ಸಮ ಸಮ ಹೊತ್ತು. ಹಾಲಿ ಅಧ್ಯಕ್ಷನಿಗೆ ಎಷ್ಟು ನಿಮಿಷವೋ ಬ್ಯಾಂಕಿನ ಟೈಪಿಸ್ಟಿಗೂ ಅಷ್ಟೇ. ಬೇರೆ ದಿನಗಳಲ್ಲಿ ಯಾವ ಚಾನೆಲ್ ಇವರಿಗೆ ಮೈಕು ಕೊಡುತ್ತೆ? ಈ ಪಕ್ಷದವರು ಚುನಾವಣೆಯನ್ನು ಏಣಿ ಅಂದುಕೊಂಡೇ ಇಲ್ಲ, ಅವರಿಗೆ ಅದು ಧ್ವನಿವರ್ಧಕ. ಮತಪೆಟ್ಟಿಗೆಯಿಂದ ಏನೂ ಬದಲಾಗೋದಿಲ್ಲ ಅಂತ ಪ್ರಚಾರ ಸಭೆಯಲ್ಲೇ ಹೇಳುತ್ತಿದ್ದರು. ನನಗೆ ಮತ ಹಾಕಿ, ಆದರೆ ಅದರಿಂದ ನಿಮ್ಮ ಬದುಕು ಬದಲಾಗುತ್ತೆ ಅಂತ ನಂಬಬೇಡಿ ಅನ್ನುವ ಅಭ್ಯರ್ಥಿಯನ್ನು ನೀವು ಎಲ್ಲಿ ನೋಡಿದ್ದೀರಿ?

ಆ ಧ್ವನಿವರ್ಧಕವೂ ಪುಕ್ಕಟೆ ಸಿಗೋದಿಲ್ಲ. 1976ರಲ್ಲಿ ಕಾನೂನು ಬಿಗಿ ಮಾಡಿದರು. ಕಣಕ್ಕೆ ಇಳಿಯಲು 500 ಚುನಾಯಿತ ಪ್ರತಿನಿಧಿಗಳ ಸಹಿ ಬೇಕು, ಅದೂ ಕನಿಷ್ಠ 30 ಜಿಲ್ಲೆಗಳಿಂದ. ಮೊದಲು 100 ಸಾಕಿತ್ತು. ಈ ಪಕ್ಷಕ್ಕೆ ತನ್ನದೇ ಶಾಸಕರಿಲ್ಲ. ಹಾಗಾಗಿ ಕಾರ್ಯಕರ್ತರು ರಜೆ ಹಾಕಿ, ಕಾರು ತಗೊಂಡು ಹಳ್ಳಿ ಹಳ್ಳಿ ತಿರುಗಬೇಕು. ಫ್ರಾನ್ಸಿನಲ್ಲಿ ಮೂವತ್ತು ಸಾವಿರಕ್ಕೂ ಜಾಸ್ತಿ ಪುಟ್ಟ ಪುಟ್ಟ ಊರುಗಳಿವೆ, ಒಂದೊಂದಕ್ಕೂ ಒಬ್ಬ ಮೇಯರ್. ಇನ್ನೂರು ಮನೆ ಇಲ್ಲದ ಊರಿನ ಮೇಯರ್ ಎಷ್ಟೋ ಸಲ ರೈತ. ಅವನು ಹಾಲು ಕರೆದು ಬರುವ ತನಕ ಅಂಗಳದಲ್ಲಿ ಕಾಯಬೇಕು. "ನಿಮ್ಮ ವಿಚಾರ ನನಗೆ ಒಪ್ಪಿಗೆ ಇಲ್ಲ, ಆದರೂ ನಿಮ್ಮ ಮಾತು ಜನ ಕೇಳಲಿ" ಅಂತ ಸಹಿ ಹಾಕಬೇಕು. ಹಾಗೆ ಐನೂರು ಜನ. 1981ರಿಂದ 2007ರ ತನಕ ಐದು ಸಲ ಇದನ್ನು ಮಾಡಿದ್ದಾರೆ. ಅಂಗಡಿ ಲೆಕ್ಕ ಹೇಳಿದಿರಲ್ಲ, ಈ ದುಡಿಮೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಗುಬ್ಬಚ್ಚಿ

ಇಳಿದಿದ್ದೇ ಬಂತು ಅಂದಿರಿ. ಆಮೇಲೆ ಏರಲಿಲ್ವಾ?

ತೆಂಗಿನತೋಟ

ಏರಿತು. ಕಾಳುಮೆಣಸು ಬೇಕಂತಲೇ ಮೂರಕ್ಕೆ ನಿಲ್ಲಿಸಿದ್ದಾರೆ :) 1995ರಲ್ಲಿ 5.30%, 16 ಲಕ್ಷಕ್ಕೂ ಜಾಸ್ತಿ ಮತ. 2002ರಲ್ಲಿ 5.72%. ಐದರ ಗಡಿ ದಾಟಿದರೆ ಪ್ರಚಾರದ ಖರ್ಚಿನ ದೊಡ್ಡ ಪಾಲು ಸರ್ಕಾರ ವಾಪಸ್ ಕೊಡುತ್ತದೆ. ಅದರಿಂದ ಅದು ಬರೀ ಮರ್ಯಾದೆಯ ಗೆರೆ ಅಲ್ಲ, ದುಡ್ಡಿನ ಗೆರೆ ಕೂಡ.

1995 ಯಾಕೆ ಏರಿತು ಅನ್ನೋದಕ್ಕೆ ಆಕೆಯ ಬ್ಯಾಂಕನ್ನೇ ನೋಡಿ. ಕ್ರೆದಿ ಲಿಯೊನೆ 1945ರಲ್ಲಿ ರಾಷ್ಟ್ರೀಕರಣವಾದ ಬ್ಯಾಂಕು. ತೊಂಬತ್ತರ ಹೊತ್ತಿಗೆ ಮೇಲಿನವರು ಸಿಕ್ಕಸಿಕ್ಕಲ್ಲಿ ಸಾಲ ಕೊಟ್ಟರು. ಕಟ್ಟಡಗಳು, ಕಂಪನಿಗಳು, ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋ ತನಕ. 1993ರ ಹೊತ್ತಿಗೆ ಬ್ಯಾಂಕು ಮುಳುಗುವ ಹಂತಕ್ಕೆ ಬಂತು. ಜನರ ತೆರಿಗೆ ದುಡ್ಡು ಸುರಿದು ಉಳಿಸಿದರು. ಆಮೇಲೆ 1999ರಲ್ಲಿ ಖಾಸಗಿಯವರಿಗೆ ಮಾರಿದರು. ಲಾಭ ಬಂದಾಗ ಅವರದ್ದು, ನಷ್ಟ ಬಂದಾಗ ನಿಮ್ಮದು ಅಂತ ಈಕೆ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ ಮಾತು ಆಕೆಯ ಕಚೇರಿಯಲ್ಲೇ ನಡೆದು ತೋರಿಸಿತು. ಕಂಪನಿಗಳು ಲೆಕ್ಕದ ಪುಸ್ತಕ ಬಿಚ್ಚಿ ತೋರಿಸಲಿ, ಲಾಭ ಮಾಡುತ್ತಾ ಜನರನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ ಅನ್ನೋದೇ ಆ ಸಲದ ಮುಖ್ಯ ಬೇಡಿಕೆ. ಕೂಗಿ ಹೇಳುವ ಅಗತ್ಯವೇ ಇರಲಿಲ್ಲ.

ಸೈಕಲ್ ರೇಸ್ ನೋಡುವವರಿಗೆ ಒಂದು ಮಾತು: ತೂರ್ ದ ಫ್ರಾನ್ಸಿನ ಹಳದಿ ಅಂಗಿಯ ಪ್ರಾಯೋಜಕರು ಇದೇ ಬ್ಯಾಂಕು.

ಹಳೇ ಟೈಪಿಸ್ಟ್

ಓದುತ್ತಾ ಹೋದರೆ ನಮ್ಮದೇ ಕಥೆ ಇದ್ದ ಹಾಗಿದೆ. ಬೇಡ, ನಾನು ಆ ಕಡೆ ಹೊರಟರೆ ರಾತ್ರಿಯಾಗುತ್ತದೆ.

ಕಾಳುಮೆಣಸು

ಸರಿ, 1995 ಒಪ್ಪಿದೆ. ಈಗ 2002ಕ್ಕೆ ಬನ್ನಿ. ಎಲ್ಲರೂ ಅದನ್ನು ಮೆಲ್ಲಗೆ ದಾಟುತ್ತಿದ್ದೀರಿ.

ಏಪ್ರಿಲ್ 21, ಮೊದಲ ಸುತ್ತು. ಹದಿನಾರು ಅಭ್ಯರ್ಥಿಗಳು. ಹಾಲಿ ಅಧ್ಯಕ್ಷ, ಬಲಪಂಥದ ಶಿರಾಕ್ 19.88, ಕಡು ಬಲಪಂಥದ ಲೆ ಪೆನ್ 16.86, ಸಮಾಜವಾದಿ ಪ್ರಧಾನಿ ಜೋಸ್ಪ್ಯಾಂ 16.18. ಜೋಸ್ಪ್ಯಾಂ ಮೂರನೆಯವರಾಗಿ ಹೊರಗೆ. ಅಂತರ ಎರಡು ಲಕ್ಷ ಮತಕ್ಕಿಂತ ಕಡಿಮೆ. ಆರ್ಲೆಟ್ ಒಬ್ಬರೇ ತೆಗೆದದ್ದು 16 ಲಕ್ಷದ 30 ಸಾವಿರ. ಅದರ ಜೊತೆ ಇನ್ನೊಂದು ಟ್ರಾಟ್‌ಸ್ಕಿ ಪಕ್ಷದ ಪೋಸ್ಟ್‌ಮ್ಯಾನ್ ಬೆಸಾನ್ಸೆನೋ 4.25%. ಮೂರನೇ ಒಬ್ಬ ಟ್ರಾಟ್‌ಸ್ಕಿವಾದಿ ಅರ್ಧ ಪರ್ಸೆಂಟ್. ಮೂವರದ್ದೂ ಸೇರಿಸಿ ಹತ್ತು ದಾಟುತ್ತದೆ. ಧ್ವನಿವರ್ಧಕ ಅಂದಿರಿ. ಆ ಧ್ವನಿವರ್ಧಕದ ಗದ್ದಲದಲ್ಲಿ ಕಡು ಬಲಪಂಥದವನು ಎರಡನೇ ಸುತ್ತಿಗೆ ನುಗ್ಗಿದ.

ಅದಾದ ಮೇಲಾದರೂ? ಲಕ್ಷಾಂತರ ಜನ ಬೀದಿಗೆ ಬಂದು, ಮೂಗು ಮುಚ್ಚಿಕೊಂಡಾದರೂ ಶಿರಾಕ್‌ಗೆ ಹಾಕುತ್ತೇವೆ ಅಂದರು. ಈಕೆ ಶಿರಾಕ್‌ಗೆ ಹಾಕಿ ಅಂತ ಒಂದು ಮಾತು ಹೇಳಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಕೆಟ್ ಯಾರದ್ದು ಅಂತ ಕೇಳ್ತಾರಾ?

ತೆಂಗಿನತೋಟ

ಲೆಕ್ಕ ಸರಿ, ಅರ್ಧ ಮಾತ್ರ ಹೇಳಿದ್ದೀರಿ. ಆ ಸಲ ಎಡಗಡೆಯ ಮತ ಹರಿದವರು ಬರೀ ಟ್ರಾಟ್‌ಸ್ಕಿಯವರಲ್ಲ. ಶವೆನ್ಮಾಂ 5.33%, ಹಸಿರು ಪಕ್ಷದ ಮಮೇರ್ 5.25%, ಕಮ್ಯುನಿಸ್ಟ್ ಹ್ಯೂ 3.37%, ತೋಬಿರಾ 2.32%. ಶವೆನ್ಮಾಂ ಅಂತೂ ಜೋಸ್ಪ್ಯಾಂ ಸಂಪುಟದಲ್ಲೇ ಗೃಹಮಂತ್ರಿ ಆಗಿದ್ದವರು. ಹಸಿರಿನವರೂ ಕಮ್ಯುನಿಸ್ಟರೂ ಚುನಾವಣೆಯ ದಿನ ಇನ್ನೂ ಸರ್ಕಾರದಲ್ಲೇ ಇದ್ದರು. ಒಳಗಿದ್ದವರೇ ಎಲೆ ಬೇರೆ ಹಾಕಿಕೊಂಡು ಕೂತ ಮೇಲೆ ಹೊರಗಿನ ಟೈಪಿಸ್ಟ್ ಮೇಲೆ ಗೂಬೆ ಕೂರಿಸೋದು ಯಾವ ನ್ಯಾಯ?

ಇದಕ್ಕಿಂತ ಸ್ವಾರಸ್ಯ ಇನ್ನೊಂದಿದೆ. ಜೋಸ್ಪ್ಯಾಂ ತಾನೇ ಹಿಂದೆ ಗುಟ್ಟಾಗಿ ಟ್ರಾಟ್‌ಸ್ಕಿ ಸಂಘಟನೆಯಲ್ಲಿದ್ದೆ ಅಂತ 2001ರಲ್ಲಿ ಸಂಸತ್ತಿನಲ್ಲೇ ಒಪ್ಪಿಕೊಂಡಿದ್ದರು. ವರ್ಷಗಟ್ಟಲೆ ಅಲ್ಲ ಅಲ್ಲ ಅಂದು ಆಮೇಲೆ ಒಪ್ಪಿಕೊಂಡದ್ದು. ಆರ್ಲೆಟ್ ಏನಾಗಿದ್ದರೋ ಅದನ್ನು ಬೋರ್ಡು ಹಾಕಿಕೊಂಡು ಹೇಳಿದರು.

ಸಂಜೆಮಲ್ಲಿಗೆ

ಎರಡನೇ ಸುತ್ತಿನ ವಿಷಯದಲ್ಲಿ ನನ್ನ ಮನಸ್ಸು ಕಾಳುಮೆಣಸು ಕಡೆಗೇ ವಾಲುತ್ತದೆ. ಶಿರಾಕ್ ಸೋಲುವ ಭಯ ಇರಲಿಲ್ಲ ನಿಜ, ಕೊನೆಗೆ 82% ಬಂತು. ಆದರೂ ಆ ಎರಡು ವಾರ ಅಲ್ಲಿನ ವಲಸೆಗಾರರ ಮನೆಗಳಲ್ಲಿ ಏನು ನಡೆದಿರಬಹುದು ಅಂತ ಯೋಚಿಸಿದರೆ ಈಕೆಯ ತತ್ವ ಸ್ವಲ್ಪ ಒಣ ಒಣ ಅನ್ನಿಸುತ್ತದೆ. ಯಾವಾಗಲೂ ಹಾಗೇ ಇದ್ದವರೂ ಅಲ್ಲ. 1981ರಲ್ಲಿ ಎರಡನೇ ಸುತ್ತಿಗೆ ಸಮಾಜವಾದಿ ಮಿತ್ತೆರಾಂಗೆ ಹಾಕಿ ಅಂದಿದ್ದರು. 2007ರಲ್ಲಿ ಅದೇ ಪಕ್ಷದ ಸೆಗೊಲೆನ್ ರೊಯಾಲ್‌ಗೆ ಹಾಕಿ ಅಂದರು. ಎಡದವರಿಗಾದರೆ ಕೆಲವು ಸಲ ಕೈ ಎತ್ತಿದರು. ಬಲದವನಿಗೆ, ಅವನ ಎದುರು ಯಾರೇ ಇರಲಿ, ಕೈ ಎತ್ತಲೇ ಇಲ್ಲ.

ಗುಬ್ಬಚ್ಚಿ

ಒಂದು ಸಣ್ಣ ಅನುಮಾನ. ಎಲ್ಲರನ್ನೂ ಶಿರಾಕ್, ಜೋಸ್ಪ್ಯಾಂ ಅಂತ ಮನೆಹೆಸರು ಹಿಡಿದು ಕರೀತಿದ್ದೀರಿ. ಈಕೆಯನ್ನು ಮಾತ್ರ ಆರ್ಲೆಟ್ ಆರ್ಲೆಟ್ ಅಂತೀರಿ. ಯಾಕೆ?

ಪ್ಯಾರಿಸ್ ಪಕ್ಕದೋನು

ಅಲ್ಲೂ ಹಾಗೇ ಕರೆಯುತ್ತಾರೆ ಗುಬ್ಬಚ್ಚಿ. ಪತ್ರಿಕೆ, ಟಿವಿ, ಆಗಿನ ಬೊಂಬೆಯಾಟದ ಹಾಸ್ಯ ಕಾರ್ಯಕ್ರಮ, ಎಲ್ಲ ಕಡೆ ಆರ್ಲೆಟ್. ಪ್ರೀತಿ ಇದೆ. ಜೊತೆಗೆ, ಹೆಂಗಸು ತಾನೇ, ಗುಮಾಸ್ತೆ ತಾನೇ ಅನ್ನುವ ಸದರವೂ ಇದೆ. ಎರಡೂ ಒಂದೇ ಲೋಟದಲ್ಲಿ. ಈಕೆಯ ವಿಚಾರವನ್ನು ಸುತಾರಾಂ ಒಪ್ಪದ ನನ್ನ ಪಕ್ಕದ ಮನೆ ಅಜ್ಜಿ ಕೂಡ "ಆರ್ಲೆಟ್ ಒಬ್ಬಳೇ ಬದಲಾಗಲಿಲ್ಲ ನೋಡು" ಅಂತಾರೆ.

ಹಳೇ ಟೈಪಿಸ್ಟ್

ನಮ್ಮಲ್ಲಾದರೆ ಅಕ್ಕ ಅಂತ ಸೇರಿಸಿ ಸದರವನ್ನು ಮುಚ್ಚಿಬಿಡುತ್ತಿದ್ದರು. ಆಫೀಸಿನಲ್ಲಿ ಗಂಡಸರೆಲ್ಲ ರಾಯರು, ಸಾಹೇಬರು. ನಾನು ನಿವೃತ್ತಿ ದಿನದ ತನಕ ಬರೀ ಹೆಸರು.

ಸಂಜೆಮಲ್ಲಿಗೆ

ಅಮ್ಮ, ಇದರಲ್ಲೇ ನನಗೊಂದು ತೊಡಕು. ಆ ಮೊದಲ ಸಾಲನ್ನು ಕನ್ನಡಕ್ಕೆ ಹೇಗೆ ತರೋದು? ಫ್ರೆಂಚಿನಲ್ಲಿ ಹೆಣ್ಣಿಗೊಂದು ರೂಪ, ಗಂಡಿಗೊಂದು ರೂಪ. ಮಾಮೂಲಿಯಾಗಿ ಗಂಡಿನ ರೂಪ ಹೇಳಿ ಎಲ್ಲರೂ ಅದರಲ್ಲೇ ಬಂದರು ಅಂದುಕೊಳ್ಳುತ್ತಾರೆ. ಈಕೆ ಎರಡನ್ನೂ ಹೇಳುತ್ತಿದ್ದರು, ಹೆಣ್ಣನ್ನು ಮೊದಲು. ಅಲ್ಲೇ ಇರೋದು ಅದರ ಖದರು. ಕನ್ನಡದಲ್ಲಿ "ಕಾರ್ಮಿಕರೇ" ಅಂದರೆ ಇಬ್ಬರೂ ಬಂದರು, ಆದರೆ ಆ ಏಟು ಹೋಯಿತು.

ಹಳೇ ಟೈಪಿಸ್ಟ್

"ಕಾರ್ಮಿಕ ಬಂಧುಗಳೇ" ಅಂತ ನಮ್ಮ ಯೂನಿಯನ್ನಿನವರು ಕೂಗುತ್ತಿದ್ದರು. ಬಂಧುಗಳಲ್ಲಿ ನಾವೂ ಇದ್ದೇವೆ ಅಂತ ನಾವೇ ಊಹಿಸಿಕೊಳ್ಳಬೇಕಿತ್ತು. ನಮ್ಮನ್ನು ಬೇರೆಯಾಗಿ ಕರೆಯುತ್ತಿದ್ದದ್ದು ಟೀ ವ್ಯವಸ್ಥೆ ಮಾಡೋದಕ್ಕೆ.

"ದುಡಿಯುವ ಅಕ್ಕಂದಿರೇ, ಅಣ್ಣಂದಿರೇ" ಅನ್ನಿ. ಅಕ್ಕಂದಿರು ಮೊದಲು ಬರಲಿ.

ಕಾಳುಮೆಣಸು

ಇದು ಚೆನ್ನಾಗಿದೆ. ಇದಕ್ಕೆ ನನ್ನ ತಕರಾರಿಲ್ಲ.

ಆದರೆ ಒಂದು ವಿಷಯ ಯಾರೂ ಎತ್ತಿಲ್ಲ, ನಾನೇ ಎತ್ತುತ್ತೇನೆ. ಆರ್ಲೆಟ್ ಪಕ್ಷದ ಮುಖ, ಸರಿ. ತಲೆ ಯಾರು? ತೊಂಬತ್ತರ ದಶಕದ ಕೊನೆಯಲ್ಲಿ ಪತ್ರಿಕೆಗಳು ಅಗೆದು ಅಗೆದು ತೆಗೆದದ್ದು "ಹಾರ್ಡಿ" ಅನ್ನುವ ಗುಪ್ತನಾಮದ ಮನುಷ್ಯನನ್ನು. ನಿಜ ಹೆಸರು ರೊಬೇರ್ ಬಾರ್ಸಿಯಾ. ದಶಕಗಟ್ಟಲೆ ಪಕ್ಷವನ್ನು ಹಿಂದೆ ನಿಂತು ನಡೆಸಿದವನು. ಒಂದು ಫೋಟೋ ಸಿಗೋದೇ ಕಷ್ಟವಿತ್ತು. ಕಾರ್ಯಕರ್ತರಿಗೆಲ್ಲ ಅಡ್ಡಹೆಸರು, ಕಟ್ಟುನಿಟ್ಟು ಶಿಸ್ತು, ಮಕ್ಕಳು ಮಾಡಿಕೊಂಡರೆ ಮೇಲಿನವರಿಗೆ ಇಷ್ಟವಿಲ್ಲ ಅನ್ನುವ ದೂರು. ಇದು ಪಕ್ಷಾನಾ, ಮಠಾನಾ? ಹೆಂಗಸಿನ ದನಿ ಅಂತ ಇಲ್ಲಿ ಎಲ್ಲರೂ ಹಿಗ್ಗುತ್ತಿದ್ದೀರಿ. ಭಾಷಣ ಬರೆದುಕೊಟ್ಟವನು ಗಂಡಸು ಇರಬಹುದಲ್ವಾ?

ಪ್ಯಾರಿಸ್ ಪಕ್ಕದೋನು

ಗುಟ್ಟಿಗೆ ಒಂದು ಹಿನ್ನೆಲೆ ಇದೆ. ಈ ಗುಂಪಿನ ಬೇರು ಎರಡನೇ ಮಹಾಯುದ್ಧದ ಕಾಲದ್ದು. ಆಗ ಇದ್ದವರೇ ಬೆರಳೆಣಿಕೆಯಷ್ಟು ಜನ. ಹೊರಗೆ ನಾಜಿಗಳು. ಇತ್ತ ಸ್ಟಾಲಿನ್ ಕಡೆಯ ಕಮ್ಯುನಿಸ್ಟರಿಗೂ ಇವರು ಶತ್ರು. ಮಾತ್ಯೂ ಬುಖೋಲ್ಜ್ ಅನ್ನುವ ಎಳೆಯ ಕಾರ್ಯಕರ್ತನನ್ನು 1944ರಲ್ಲಿ, ಪ್ಯಾರಿಸ್ ಬಿಡುಗಡೆಯಾದ ಮೇಲೆ, ಕಮ್ಯುನಿಸ್ಟ್ ಪಕ್ಷದವರೇ ಕೊಂದರು. 1947ರ ರೆನೋ ಕಾರು ಕಾರ್ಖಾನೆ ಮುಷ್ಕರ ಹೊತ್ತಿಸಿದವರು ಇದೇ ಗುಂಪಿನ ಪಿಯೆರ್ ಬ್ವಾ. ಆಗ ಕಮ್ಯುನಿಸ್ಟ್ ಯೂನಿಯನ್ನು ಮೊದಲಿಗೆ ಅದನ್ನು ವಿರೋಧಿಸಿತ್ತು. ಆ ಮೇಲೆ 1968ರ ಜೂನ್‌ನಲ್ಲಿ ಸರ್ಕಾರ ಇವರ ಹಿಂದಿನ ಸಂಘಟನೆಯನ್ನೇ ನಿಷೇಧ ಮಾಡಿತು. ಅದಕ್ಕೇ ಹೊಸ ಹೆಸರಲ್ಲಿ ಲ್ಯೂತ್ ಊವ್ರಿಯೇರ್ ಬಂದದ್ದು. ಕಾರ್ಖಾನೆಯಲ್ಲಿ ಹೆಸರು ಗೊತ್ತಾದರೆ ಕೆಲಸ ಹೋಗುತ್ತದೆ. ಅಡ್ಡಹೆಸರು ಶೋಕಿಗೆ ಇಟ್ಟುಕೊಂಡದ್ದಲ್ಲ.

ಹಾಗಂತ ಎಲ್ಲ ಸರಿ ಅನ್ನೋದಿಲ್ಲ. ಐವತ್ತರಲ್ಲಿ ಬೇಕಿದ್ದ ಗುಟ್ಟು ತೊಂಬತ್ತರಲ್ಲೂ ಬೇಕಿತ್ತಾ? ಬಾಗಿಲು ಮುಚ್ಚಿ ಮುಚ್ಚಿ ಅಭ್ಯಾಸ ಆದವರಿಗೆ ಜನ ಬಂದು ಬಾಗಿಲು ತಟ್ಟಿದಾಗ ತೆಗೆಯೋಕೆ ಬರಲಿಲ್ಲ. 1995ರಲ್ಲಿ 16 ಲಕ್ಷ ಮತ ಬಂದ ರಾತ್ರಿ ದೊಡ್ಡದೊಂದು ಕಾರ್ಮಿಕ ಪಕ್ಷ ಕಟ್ಟೋಣ ಅಂತ ಆರ್ಲೆಟ್ ಕರೆ ಕೊಟ್ಟರು. ಅದೇ ವರ್ಷದ ಕೊನೆಗೆ ಪಿಂಚಣಿ ವಿಷಯಕ್ಕೆ ವಾರಗಟ್ಟಲೆ ರೈಲು, ಮೆಟ್ರೋ ನಿಂತುಹೋದ ದೊಡ್ಡ ಮುಷ್ಕರ. ಹದ ಮಳೆ ಬಂದಿತ್ತು. ಬಿತ್ತಲಿಲ್ಲ. ಪಕ್ಷ ಕಟ್ಟೋ ಮಾತನ್ನು ತಾವೇ ಕೈಬಿಟ್ಟರು. ಅದನ್ನು ಪ್ರಶ್ನೆ ಮಾಡಿದ ಕೆಲವು ಊರುಗಳ ಸದಸ್ಯರನ್ನು ಹೊರಗೂ ಹಾಕಿದರು. ನನಗೆ 2002ಕ್ಕಿಂತ ದೊಡ್ಡ ತಪ್ಪು ಇದೇ ಅನ್ನಿಸುತ್ತದೆ. ಆ 16 ಲಕ್ಷ ಜನ ಮತ ಹಾಕಿ ಮನೆಗೆ ಹೋದರು, ಯಾರೂ ಅವರನ್ನು ಕರೆಯಲಿಲ್ಲ.

ಸಂಜೆಮಲ್ಲಿಗೆ

ಭಾಷಣ ಯಾರು ಬರೆದರು ಅನ್ನೋ ಪ್ರಶ್ನೆಯನ್ನು ಶಿರಾಕ್ ಬಗ್ಗೆ ಯಾರೂ ಕೇಳೋದಿಲ್ಲ ನೋಡಿ. ಬರೆಯೋರು ಹತ್ತು ಜನ ಇದ್ದರೂ ಅದು ಶಿರಾಕ್ ಭಾಷಣ. ಹೆಂಗಸು ಮಾತಾಡಿದರೆ ಹಿಂದೆ ಯಾರಿದ್ದಾರೆ ಅಂತ ಪರದೆ ಎತ್ತಿ ನೋಡುತ್ತೀರಿ.

ಕಾಳುಮೆಣಸು

ಏಟು ಬಿತ್ತು. ಒಪ್ಪಿದೆ. ಆದರೆ ಮಠದ ಪ್ರಶ್ನೆ ಹಾಗೇ ಇದೆ.

ನಿರ್ವಾಹಕರು

ಮಧ್ಯೆ ಬಂದ ಎರಡು ಉತ್ತರ ತೆಗೆದಿದ್ದೇನೆ. ಬದುಕಿರುವ ಯಾರದೇ ಆಗಲಿ, ಮನೆ ವಿಷಯ, ಮದುವೆ ವಿಷಯ ಇಲ್ಲಿ ಬೇಡ. ಉಳಿದಂತೆ ಜಗಳ ಸೊಗಸಾಗಿದೆ, ಮುಂದುವರಿಸಿ.

ತೆಂಗಿನತೋಟ

ಗೆದ್ದೇ ಇಲ್ಲ ಅನ್ನೋದನ್ನು ಸ್ವಲ್ಪ ತಿದ್ದಬೇಕು. 1999ರಲ್ಲಿ ಎರಡು ಟ್ರಾಟ್‌ಸ್ಕಿ ಪಕ್ಷಗಳು ಒಂದೇ ಪಟ್ಟಿ ಮಾಡಿ ಯುರೋಪಿನ ಸಂಸತ್ತಿಗೆ ನಿಂತವು. 5.18% ಬಂತು, ಐದು ಸ್ಥಾನ. ಆರ್ಲೆಟ್ ಮತ್ತು ಆಚೆ ಪಕ್ಷದ ಅಲ್ಯಾಂ ಕ್ರಿವಿನ್ ಇಬ್ಬರೂ 2004ರ ತನಕ ಸದಸ್ಯರು. 1995ರಿಂದ 2001ರ ತನಕ ತಮ್ಮ ಲೆ ಲಿಲಾದಲ್ಲಿ ಪುರಸಭೆ ಸದಸ್ಯೆ, ಪ್ಯಾರಿಸ್ ಪ್ರದೇಶದ ಪರಿಷತ್ತಿನಲ್ಲೂ ಇದ್ದರು. ಅಧ್ಯಕ್ಷ ಪದವಿಗೆ ಮಾತ್ರ ಎರಡು ಪಕ್ಷ ಒಂದಾಗಲೇ ಇಲ್ಲ. 2007ರಲ್ಲಿ ಆಚೆ ಪಕ್ಷದ ಪೋಸ್ಟ್‌ಮ್ಯಾನ್ ಬೆಸಾನ್ಸೆನೋಗೆ 4.08%, ಈಕೆಗೆ 1.33%. ಹೊಸ ತಲೆಮಾರು ಆ ಹುಡುಗನ ಕಡೆ ಹೋಯಿತು. ಆಮೇಲೆ ಈಕೆಯ ಜಾಗಕ್ಕೆ ನತಾಲಿ ಆರ್ತೋ ಅನ್ನುವ ಶಾಲಾ ಶಿಕ್ಷಕಿ ಬಂದರು. 2012, 2017, 2022, ಮೂರು ಸಲವೂ ಒಂದು ಪರ್ಸೆಂಟಿನ ಒಳಗೆ. ಹೆಸರು ಬದಲಾಯಿತು, ಮೊದಲ ಸಾಲು ಬದಲಾಗಲಿಲ್ಲ. ಅವರೂ ಹೆಂಗಸರನ್ನೇ ಮೊದಲು ಕರೆಯುತ್ತಾರೆ.

ಗುಬ್ಬಚ್ಚಿ

ಮಾರ್ಚ್ 18 ಅಂದಿರಲ್ಲ, ಅದು ಪ್ಯಾರಿಸ್ ಕಮ್ಯೂನ್, ಅಂದರೆ ಪ್ಯಾರಿಸ್ಸಿನ ದುಡಿಯುವ ಜನ ದಂಗೆ ಎದ್ದು ಊರಿನ ಆಡಳಿತ ಹಿಡಿದದ್ದು, ಶುರುವಾದ ದಿನವೂ ಹೌದು. 1871. ಎಡಪಂಥದವರಿಗೆ ಜಾತಕ ಬೇಡ ಅಂತಾರೆ, ಜಾತಕವೇ ಹುಡುಕಿಕೊಂಡು ಬಂದಿದೆ.

ಹಳೇ ಟೈಪಿಸ್ಟ್

ಪ್ಯಾರಿಸ್ ಪಕ್ಕದೋನು ಅವರೇ, ಇವರನ್ನು ಆಗಾಗ ನೋಡುತ್ತೇನೆ ಅಂದಿರಿ. ಎಲ್ಲಿ? ಏನು ಮಾಡುತ್ತಾರೆ?

ಪ್ಯಾರಿಸ್ ಪಕ್ಕದೋನು

ಹೇಳುತ್ತೇನೆ ಅಮ್ಮ. ನನ್ನ ರೈಲು ಬೆಳಿಗ್ಗೆ ಆರೂವರೆಗೆ. ಚಳಿಗಾಲದಲ್ಲಿ ಆ ಹೊತ್ತಿಗೆ ಕಗ್ಗತ್ತಲು. ಸ್ಟೇಷನ್ ಆಚೆ ಒಂದು ದೊಡ್ಡ ಗೋದಾಮಿದೆ. ಅದರ ಗೇಟಿನಲ್ಲಿ ಎರಡು ವಾರಕ್ಕೊಮ್ಮೆ ಇಬ್ಬರು ನಿಂತಿರುತ್ತಾರೆ. ಒಬ್ಬರಿಗೆ ಎಪ್ಪತ್ತು ದಾಟಿದೆ, ಇನ್ನೊಬ್ಬಳು ಕಾಲೇಜು ಹುಡುಗಿ. ಕೈಯಲ್ಲಿ ಕರಪತ್ರದ ಕಟ್ಟು. ಪಾಳಿ ಬದಲಾಗುವಾಗ ಒಬ್ಬೊಬ್ಬರಿಗೂ ಒಂದೊಂದು. ಉದ್ದುದ್ದ ಮಾತಿಲ್ಲ, "ಬೋಂಜೂರ್" ಅಷ್ಟೇ. ಮಳೆ ಬಂದರೆ ಕಟ್ಟನ್ನು ಕೋಟಿನ ಒಳಗೆ ಇಟ್ಟುಕೊಳ್ಳುತ್ತಾರೆ.

ಅದು ಒಂದೇ ಹಾಳೆ, ಎರಡು ಕಡೆ ಅಚ್ಚು. ಮುಂದಿನ ಪುಟದಲ್ಲಿ ದೇಶ, ಪ್ರಪಂಚದ ವಿಷಯ. ಅದು ಫ್ರಾನ್ಸಿನ ಎಲ್ಲ ಕಡೆ ಒಂದೇ. ಎಷ್ಟೋ ವರ್ಷ ಅದರ ಕೆಳಗೆ ಆರ್ಲೆಟ್ ಲಾಗಿಯೆ ಅಂತ ಸಹಿ ಇರುತ್ತಿತ್ತು. ಹಿಂದಿನ ಪುಟ ಮಾತ್ರ ಆ ಗೇಟಿನ ಒಳಗಿನ ಸುದ್ದಿ. ಮೂರನೇ ಸಾಲಿನ ಹೀಟರ್ ಕೆಟ್ಟು ತಿಂಗಳಾಯಿತು. ಗುತ್ತಿಗೆಯವರಿಗೆ ಕೈಗವಸು ಕೊಟ್ಟಿಲ್ಲ. ಮೇಸ್ತ್ರಿ ಶೌಚಾಲಯಕ್ಕೆ ಹೋದ ಹೊತ್ತನ್ನೂ ಬರೆದಿಡುತ್ತಿದ್ದಾನೆ. ಇಂಥವೇ, ಸ್ವಲ್ಪ ಕುಟುಕಿ, ನಗು ಬರುವ ಹಾಗೆ. ಬರೆಯೋದು ಒಳಗಿನವರೇ, ಹೆಸರಿರೋದಿಲ್ಲ. ನಾನು ನೋಡಿದ ಹಾಗೆ ಜನ ಹಾಳೆ ತಗೊಂಡ ತಕ್ಷಣ ತಿರುಗಿಸಿ ಹಿಂದಿನ ಪುಟ ಓದುತ್ತಾರೆ. ಮುಂದಿನದನ್ನು ಎಷ್ಟು ಜನ ಓದುತ್ತಾರೋ ಕಾಣೆ.

ವರ್ಷಕ್ಕೊಮ್ಮೆ, ಈಸ್ಟರ್ ಆಗಿ ಏಳನೇ ವಾರ ಬರುವ ಪೆಂತೆಕೋಸ್ತ್ ರಜೆಯಲ್ಲಿ, ಪ್ಯಾರಿಸ್ಸಿನ ಉತ್ತರಕ್ಕೆ ಪ್ರೆಲ್ ಅನ್ನುವ ಊರಲ್ಲಿ ಇವರ ಜಾತ್ರೆ. ಜಾತ್ರೆ ಅಂದರೆ ಜಾತ್ರೆಯೇ. ಹಳೇ ಬಂಗಲೆಯ ತೋಪಿನಲ್ಲಿ ಮೂರು ದಿನ. ಸಾಸೇಜ್ ಸುಡುವ ಹೊಗೆ, ಮಕ್ಕಳಾಟ, ಹಾಡು, ಒಂದು ಕಡೆ ವಿಜ್ಞಾನದ ಉಪನ್ಯಾಸ, ಇನ್ನೊಂದು ಕಡೆ ಟ್ರಾಟ್‌ಸ್ಕಿ ಬಗ್ಗೆ ಗಂಟೆಗಟ್ಟಲೆ ವಾದ. ನಾನು ಹೋದದ್ದು ಮಗಳನ್ನು ಆಡಿಸೋಕೆ. ಮರದ ನೆರಳಲ್ಲಿ ಕೂತು ಕ್ರೇಪ್ ತಿಂದು, ಎರಡು ಭಾಷಣ ಕೇಳಿ ಬಂದೆ. ಕಾಳುಮೆಣಸು ಅವರ ಮಠದ ಮಾತು ನೆನೆದರೆ ನಗು ಬರುತ್ತದೆ. ಮಠ ಹೌದೋ ಅಲ್ಲವೋ, ದಾಸೋಹ ಮಾತ್ರ ಇಲ್ಲ. ಒಂದೊಂದು ತಟ್ಟೆಗೂ ಕಾಸು ಕೊಡಬೇಕು.

ಕಾಳುಮೆಣಸು

ದಾಸೋಹ ಇಲ್ಲದ ಮಠ ಮಠವೇ ಅಲ್ಲ. ನನ್ನ ಆರೋಪ ವಾಪಸ್ :)

ಹಳೇ ಟೈಪಿಸ್ಟ್

ಆ ಹಿಂದಿನ ಪುಟದ ವಿಷಯ ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ನಾನು ಇದ್ದ ಒಂದು ಶಾಖೆಯಲ್ಲಿ ಟೈಪಿಂಗ್ ಕೋಣೆಯ ಫ್ಯಾನು ಎರಡು ಬೇಸಿಗೆ ಕೆಟ್ಟಿತ್ತು. ಬೆವರು ಹಾಳೆ ಮೇಲೆ ಬೀಳಬಾರದು ಅಂತ ಮೊಣಕೈ ಕೆಳಗೆ ಕರ್ಚೀಫ್ ಹಾಸಿಕೊಂಡು ಹೊಡೆಯುತ್ತಿದ್ದೆವು. ಯೂನಿಯನ್ ಕರಪತ್ರದಲ್ಲಿ ವಿಯೆಟ್ನಾಂ ಬಂತು, ದಕ್ಷಿಣ ಆಫ್ರಿಕಾ ಬಂತು, ಬೇಡ ಅನ್ನೋದಿಲ್ಲ, ಬರಬೇಕಾದ್ದೇ. ಫ್ಯಾನು ಬರಲಿಲ್ಲ. ಕೇಳೋಣ ಅಂತ ನನಗೂ ಹೊಳೆಯಲಿಲ್ಲ. ಫ್ಯಾನು ರಾಜಕೀಯ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಸಲ ಆ ಗೇಟಿನಲ್ಲಿ ಹಾಳೆ ಸಿಕ್ಕರೆ ಫೋಟೋ ತೆಗೆದು ಇಲ್ಲಿ ಹಾಕಿ. ಸಂಜೆಮಲ್ಲಿಗೆ ಓದಿ ಹೇಳುತ್ತಾಳೆ. ಹಿಂದಿನ ಪುಟ ಒಂದೇ ಸಾಕು.

ಸಂಜೆಮಲ್ಲಿಗೆ

ಆಗಲಿ ಅಮ್ಮ. ಮೇಸ್ತ್ರಿಗೆ ಫ್ರೆಂಚಿನಲ್ಲಿ ಏನಂತಾರೆ ಅಂತ ಈಗಲೇ ಕಲಿತಿಟ್ಟುಕೊಳ್ಳುತ್ತೇನೆ.